ಹನ್ನೊಂದನೇ ಪ್ರಶ್ನೆ

ಪ್ರೊಫೆಸರರು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನಿಂತು, ಚಿತ್ರದ ನಡುವಿನ ದೊಡ್ಡ ಚುಕ್ಕೆಯ ಮೇಲೆ ಬೆರಳಿಟ್ಟರು.

“ನಾನು ಹೇಳಿರಲಿಲ್ವಾ? ಇಪ್ಪತ್ತು ವರ್ಷದಿಂದ ಇದನ್ನೇ ಬಡ್ಕೋತಾ ಇದೀನಿ. ಮನೋಬಲ. ಎಲ್ಲಾ ಅಲ್ಲಿಂದಲೇ ಶುರು.”

ಅವರ ಖುಷಿ ನೋಡಿ ಚುಕ್ಕಿಗೂ ಖುಷಿಯಾಯಿತು. ಎಂಟು ತಿಂಗಳ ಕೆಲಸ ಅದು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಲಿಫ್ಟಿನ ಯಂತ್ರ ಗೊರಗುಟ್ಟುವ ಕೋಣೆಗೂ ಒಗೆದ ಹಾಸಿಗೆ ಬಟ್ಟೆ ಪೇರಿಸಿಡುವ ಕೋಣೆಗೂ ನಡುವೆ ಇದ್ದ ಕಿರಿದಾದ ಜಾಗದಲ್ಲಿ ಆರೋಗ್ಯ ಮನೋವಿಜ್ಞಾನ ವಿಭಾಗ ನಡೆಯುತ್ತಿತ್ತು. ಪ್ರೊಫೆಸರರು ಅದರ ಮುಖ್ಯಸ್ಥರು. ಅಂಕಿಅಂಶದ ಕೆಲಸವೆಲ್ಲ ಇವಳದ್ದು. ದಿನವಿಡೀ ಚುಕ್ಕೆ ಇಟ್ಟು ಗೆರೆ ಎಳೆಯುತ್ತಾಳೆಂದು ನರ್ಸುಗಳು ಅವಳನ್ನು ‘ಚುಕ್ಕಿ’ ಎಂದು ಕರೆಯತೊಡಗಿ, ಈಗ ಹಾಜರಿ ಪುಸ್ತಕದ ಹೊರಗೆ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ.

ಅವಳು ಮಾಡುತ್ತಿದ್ದುದು ಜಾಲ ವಿಶ್ಲೇಷಣೆ. ಮೂತ್ರಪಿಂಡ ಸೋತು ಇಲ್ಲಿಗೂ ಸುತ್ತಲಿನ ಆಸ್ಪತ್ರೆಗಳಿಗೂ ಡಯಾಲಿಸಿಸ್‌ಗೆ ಬರುವ ನಾನೂರ ಹನ್ನೆರಡು ಜನರಿಗೆ ಹದಿನೆಂಟು ಪ್ರಶ್ನೆಗಳನ್ನು ಕೇಳಿದ್ದರು. ನಿದ್ರೆ ಬರುತ್ತದೆಯೇ, ಮೈ ಕಡಿತ, ತುರಿಕೆ ಎಷ್ಟು, ಬಾಯಾರಿಕೆ ಎಷ್ಟು, ದಣಿವು, ಭಯ, ಬೇಸರ, ಹೀಗೆ. ಒಂದೊಂದು ಪ್ರಶ್ನೆಗೂ ಪರದೆಯ ಮೇಲೆ ಒಂದೊಂದು ಚುಕ್ಕೆ. ಉಳಿದ ಹದಿನಾರರ ಪ್ರಭಾವವನ್ನು ಕಳೆದ ಮೇಲೂ ಯಾವ ಎರಡು ಉತ್ತರಗಳು ಜೊತೆಜೊತೆಗೆ ಏರಿಳಿಯುತ್ತವೋ ಅವುಗಳ ನಡುವೆ ಒಂದು ಗೆರೆ. ನಂಟು ಗಟ್ಟಿಯಾದಷ್ಟೂ ಗೆರೆ ದಪ್ಪ. ಹೆಚ್ಚು ದಪ್ಪ ಗೆರೆಗಳು ಬಂದು ಸೇರುವ ಚುಕ್ಕೆಯೇ ದೊಡ್ಡದು, ಅದೇ ನಡುವಿನದು. ಅಲ್ಲಿ ಕೈ ಹಾಕಿದರೆ ಉಳಿದ ಕಷ್ಟಗಳೂ ಸಡಿಲಾಗಬಹುದು ಎಂಬ ಆಸೆ ಸಂಶೋಧಕರಿಗೆ.

ನಡುವೆ ಬಂದು ಕೂತಿದ್ದು ಹನ್ನೊಂದನೇ ಪ್ರಶ್ನೆ: ‘ಯಾವ ಕೆಲಸವನ್ನೂ ಶುರು ಮಾಡಲು ಮನಸ್ಸಾಗುವುದಿಲ್ಲ.’ ಪ್ರೊಫೆಸರರು ಅದಕ್ಕೆ ಇಟ್ಟ ಹೆಸರು ‘ಮನೋಬಲದ ಕೊರತೆ’.

“ಶುಕ್ರವಾರ ನಿರ್ದೇಶಕರ ಮುಂದೆ ಇಡೋಣ,” ಎಂದರು ಪ್ರೊಫೆಸರರು. “ಹೊಸ ನಿಯಮ ಬರುತ್ತೆ. ಮನೋಬಲದಲ್ಲಿ ಕಮ್ಮಿ ಬಂದವರು ಮೊದಲು ನಮ್ಮ ಹನ್ನೆರಡು ತರಗತಿ ಮುಗಿಸ್ಲಿ. ಆಮೇಲೆ ಕಸಿ ಪಟ್ಟಿ. ಮನಸ್ಸೇ ಇಲ್ಲದವರಿಗೆ ಹೊಸ ಮೂತ್ರಪಿಂಡ ಜೋಡಿಸಿ ಏನು ಪ್ರಯೋಜನ?”

ಚುಕ್ಕಿಯ ಖುಷಿ ಅಲ್ಲೇ ಅರ್ಧ ಇಳಿಯಿತು. ತರಗತಿಯ ಮಾತು ಅವಳಿಗೆ ಗೊತ್ತಿತ್ತು, ಕಸಿ ಪಟ್ಟಿಯ ಮಾತು ಗೊತ್ತಿರಲಿಲ್ಲ. ಬದಲಿ ಮೂತ್ರಪಿಂಡಕ್ಕಾಗಿ ಕಾಯುವವರ ಆ ಪಟ್ಟಿಯಲ್ಲಿ ಅವಳ ಚಿಕ್ಕಮ್ಮ ಮೂರು ವರ್ಷದಿಂದ ಇದ್ದಳು.

“ಸ್ಥಿರತೆ ಪರೀಕ್ಷೆ ಇನ್ನೂ ಮಾಡಿಲ್ಲ ಸರ್,” ಎಂದಳು.

“ಅದು ಸಂಶೋಧನಾ ಪತ್ರಿಕೆಗೆ ಕಳಿಸೋವಾಗ ಮಾಡಿದ್ರಾಯ್ತು. ಈಗ ವರದಿ ಬರಿ. ಇಬ್ಬರ ಸಹಿನೂ ಬೇಕು.”

ಮಧ್ಯಾಹ್ನ ಅವಳು ಕೆಳಗಿನ ಡಯಾಲಿಸಿಸ್ ಹಾಲಿಗೆ ಹೋದಳು. ಹನ್ನೆರಡು ಒರಗುಕುರ್ಚಿಗಳು, ಒಂದೊಂದರ ಪಕ್ಕಕ್ಕೂ ಆಳೆತ್ತರದ ಒಂದು ಯಂತ್ರ. ಕಿಟಕಿ ಪಕ್ಕದ ಕುರ್ಚಿ ಚಿಕ್ಕಮ್ಮನದು. ಚುಕ್ಕಿಗೆ ಒಂಬತ್ತು ತುಂಬುವ ಮೊದಲೇ ಅಮ್ಮ ತೀರಿಕೊಂಡಾಗ ಅಮ್ಮನ ಈ ತಂಗಿಯೇ ಅವಳನ್ನು ಮಡಿಲಿಗೆ ಹಾಕಿಕೊಂಡಿದ್ದಳು. ಶಾಲೆಗಳಿಗೆ ಸಮವಸ್ತ್ರ ಹೊಲಿದು ಅವಳನ್ನು ಓದಿಸಿದ್ದಳು. ಹೊಲಿಗೆ ಯಂತ್ರದ ಮುಂದೆ ದಿನಕ್ಕೆ ಹನ್ನೊಂದು ಗಂಟೆ ಕೂರುತ್ತಿದ್ದ ಹೆಂಗಸು, ಈಗ ವಾರಕ್ಕೆ ಮೂರು ದಿನ ಈ ಯಂತ್ರದ ಪಕ್ಕ ನಾಲ್ಕು ನಾಲ್ಕು ಗಂಟೆ ಕೂರುತ್ತಾಳೆ.

“ಮುಖ ಯಾಕೆ ಹೀಗೆ ಹುಳ್ಳಗಿದೆ?” ಎಂದಳು ಚಿಕ್ಕಮ್ಮ.

“ಏನಿಲ್ಲ, ಕೆಲಸ.”

“ನಿಮ್ಮ ಆ ಪ್ರಶ್ನೆ ಪತ್ರಿಕೆ ಕೆಲಸನಾ? ಅದನ್ನ ಬರೆದೋರು ಯಾರು ಅಂತ ಕೇಳ್ಬೇಕಂತಿದ್ದೆ. ಒಂದೇ ಮಾತನ್ನ ಎರಡು ಸಲ ಯಾಕೆ ಕೇಳ್ತೀರ?”

“ಯಾವ ಮಾತು?”

“ಒಂದು ಕಡೆ ಕೆಲಸಕ್ಕೆ ಶಕ್ತಿ ಇದೆಯಾ ಅಂತ. ಆಮೇಲೆ ಇನ್ನೊಂದು ಕಡೆ ಕೆಲಸ ಶುರು ಮಾಡೋಕೆ ಮನಸ್ಸಾಗುತ್ತಾ ಅಂತ. ಇಲ್ಲಿಂದ ಮನೆಗೆ ಹೋದ ದಿನ ಪಾತ್ರೆ ಕಡೆ ನೋಡ್ತೀನಿ, ಮನಸ್ಸು ಏಳು ಅನ್ನುತ್ತೆ, ಕಾಲು ಏಳಲ್ಲ. ಅದಕ್ಕೆ ಯಾವ ಗೀಟು ಹಾಕ್ಲಿ? ಎರಡಕ್ಕೂ ಜಾಸ್ತಿ ಅನ್ನೋದಕ್ಕೇ ಹಾಕಿದೆ.”

ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದ ಡ್ರೈವರಣ್ಣ ಕಣ್ಣು ತೆರೆಯದೆಯೇ ನಕ್ಕ. ಮೂವತ್ತು ವರ್ಷ ಲಾರಿ ಓಡಿಸಿದವನು ಅವನು. “ನಾನೂ ಹಂಗೇ ಹಾಕಿದ್ದು ಅಕ್ಕ. ಮೊದಲನೇದು ನೋಡಿ ಎರಡನೇದು ಬರೆದುಬಿಟ್ಟೆ.”

ಚುಕ್ಕಿಗೆ ಬೆಳಗಿನ ಚಿತ್ರ ನೆನಪಾಯಿತು. ಏಳನೇ ಪ್ರಶ್ನೆ ದಣಿವಿನದು: ‘ದಿನನಿತ್ಯದ ಕೆಲಸ ಮಾಡಲು ಶಕ್ತಿ ಸಾಲುವುದಿಲ್ಲ.’ ಅದಕ್ಕೂ ಹನ್ನೊಂದಕ್ಕೂ ನಡುವೆ ಇದ್ದ ಗೆರೆ ಇಡೀ ಚಿತ್ರದಲ್ಲೇ ಅತಿ ದಪ್ಪ. ಬೆಳಿಗ್ಗೆ ಅದನ್ನು ನೋಡಿ ಅವಳು, ಎಷ್ಟು ಗಟ್ಟಿ ನಂಟು ಎಂದುಕೊಂಡಿದ್ದಳು. ಒಂದೇ ವಿಷಯವನ್ನು ಎರಡು ಸಲ ಕೇಳಿದರೆ ನಂಟು ಗಟ್ಟಿಯಾಗಿರದೆ ಇನ್ನೇನಾಗುತ್ತದೆ? ಮೊದಲ ದಿನವೇ ನೋಡಬೇಕಿದ್ದದ್ದು ಅದು. ನೋಡಲಿಲ್ಲ. ಪ್ರೊಫೆಸರರಿಗೆ ಬೇಗ ಚಿತ್ರ ತೋರಿಸಿ ಭೇಷ್ ಅನ್ನಿಸಿಕೊಳ್ಳುವ ಆಸೆ ಅವಳಿಗೂ ಇತ್ತು.

ಮೇಲೆ ಹೋದವಳೇ ಆ ಎರಡು ಪ್ರಶ್ನೆಗಳನ್ನು ಒಂದಾಗಿಸಿ ಜಾಲವನ್ನು ಮತ್ತೆ ಎಳೆದಳು. ನಡುವಿನ ದೊಡ್ಡ ಚುಕ್ಕೆ ಗಾಳಿ ಬಿಟ್ಟ ಬಲೂನಿನ ಹಾಗೆ ಕುಗ್ಗಿತು. ಮೈ ಕಡಿತ, ನಿದ್ರೆ, ದಣಿವು, ಮೂರೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಬಂದು ನಿಂತವು. ಆಮೇಲೆ ಸ್ಥಿರತೆ ಪರೀಕ್ಷೆ. ನಾನೂರ ಹನ್ನೆರಡು ಜನರಲ್ಲಿ ಕಾಲು ಭಾಗವನ್ನು ಚೀಟಿ ಎತ್ತಿದ ಹಾಗೆ ಬಿಟ್ಟು ಉಳಿದವರ ಜಾಲ ಎಳೆಯುವುದು. ಹೀಗೆ ಸಾವಿರ ಸಲ. ಯಾರನ್ನು ಬಿಟ್ಟರೂ ನಡುವಿನ ಚುಕ್ಕೆ ಅದೇ ಆಗಿದ್ದರೆ ನಂಬಬಹುದು. ಇಲ್ಲಿ ಒಂದು ಸಲ ಕಡಿತ ನಡುವೆ ಬಂತು, ಒಂದು ಸಲ ನಿದ್ರೆ, ಒಂದು ಸಲ ದಣಿವು. ಅಲುಗಾಡದೆ ಉಳಿದದ್ದು ಎರಡು ಗೆರೆಗಳು ಮಾತ್ರ: ಕಡಿತದಿಂದ ನಿದ್ರೆಗೆ, ನಿದ್ರೆಯಿಂದ ದಣಿವಿಗೆ. ಆ ಗೆರೆಗಳಿಗೂ ಬಾಣದ ಗುರುತಿಲ್ಲ. ಒಬ್ಬೊಬ್ಬರನ್ನೂ ಒಂದೇ ಸಲ ಕೇಳಿ ಪಡೆದ ಉತ್ತರಗಳಲ್ಲಿ ಯಾವುದರಿಂದ ಯಾವುದು ಎಂದು ಹೇಳಲು ಬರುವುದಿಲ್ಲ.

ಮರುದಿನ ಎಲ್ಲವನ್ನೂ ಅಚ್ಚು ಹಾಕಿಸಿ ಪ್ರೊಫೆಸರರ ಕೋಣೆಗೆ ಹೋದಳು. ಅವರು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಅವರಿಗೆ ಅರ್ಥವಾಗದ್ದು ಅದರಲ್ಲಿ ಏನೂ ಇರಲಿಲ್ಲ. ಅವಳಿಗೆ ಈ ವಿದ್ಯೆ ಕಲಿಸಿದವರೇ ಅವರು. ಓದುವ ದಿನಗಳಲ್ಲಿ ಅವಳು ಬರೆದ ಒಂದು ಸೂತ್ರ ತಪ್ಪಿದ್ದಕ್ಕೆ ಮೂರು ದಿನ ಕೂರಿಸಿಕೊಂಡು ತಿದ್ದಿಸಿದ್ದರು.

“ಎರಡು ಪ್ರಶ್ನೆ ಒಂದೇ ಅಂತ ಯಾರು ಹೇಳಿದ್ದು?”

“ಉತ್ತರಗಳೇ ಹೇಳ್ತಿವೆ ಸರ್. ಕೆಳಗೆ ಕೂತಿರೋರೂ ಹೇಳ್ತಿದಾರೆ.”

“ಕೆಳಗೆ ಕೂತಿರೋರು ಅಂದ್ರೆ ನಿನ್ನ ಚಿಕ್ಕಮ್ಮ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಮ್ಮ, ಆರು ವರ್ಷದ ಹಿಂದೆ ನನ್ನ ಎದೆ ಸೀಳಿ ಹೊಲಿದ್ರು. ಹದಿನೇಳು ದಿನ ಮಲಗಿದ್ದೆ. ಡಾಕ್ಟರೇ ಕೈ ಚೆಲ್ಲಿದ್ರು. ಹಲ್ಲು ಕಚ್ಚಿ ಎದ್ದು ನಿಂತೆ, ಈ ಮೆಟ್ಟಿಲು ಹತ್ತಿ ಕೆಲಸಕ್ಕೆ ಬಂದೆ. ಯಾವ ಬಲದಿಂದ ಬಂದೆ ಅಂದ್ಕೊಂಡೆ? ಮನೋಬಲ ಇಲ್ಲ ಅಂತ ನನಗೆ ಪಾಠ ಹೇಳ್ಬೇಡ.”

“ಇಲ್ಲ ಅಂತಿಲ್ಲ ಸರ್. ನಮ್ಮ ಪ್ರಶ್ನೆ ಅದನ್ನ ಅಳೆದಿಲ್ಲ ಅಂತಿದೀನಿ. ದಣಿವನ್ನ ಅಳೆದು ಅದಕ್ಕೆ ಮನೋಬಲ ಅಂತ ಹೆಸರಿಟ್ಟಿದೀವಿ.”

“ಶುಕ್ರವಾರದ ಸಭೆಗೆ ಮೊದಲನೇ ಚಿತ್ರವೇ ಹೋಗುತ್ತೆ.”

“ಅದಕ್ಕೆ ನಾನು ಸಹಿ ಹಾಕಲ್ಲ.”

ಈ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ಅನುಮಾನವಾಯಿತು. ಹತ್ತು ವರ್ಷದಲ್ಲಿ ಅವರ ಮಾತಿಗೆ ಅವಳು ಎದುರಾಡಿದ್ದು ಅದೇ ಮೊದಲು. ಪ್ರೊಫೆಸರರ ಮುಖ ಕೆಂಪೇರಿತು. ಆದರೆ ದನಿ ಏರಲಿಲ್ಲ.

“ಚಿಕ್ಕಮ್ಮನಿಗೋಸ್ಕರ ಲೆಕ್ಕ ಬಗ್ಗಿಸ್ತಿದೀಯ ಅಂತ ಜನ ಹೇಳ್ತಾರೆ. ಯೋಚನೆ ಮಾಡು.”

ಅವಳು ಯೋಚನೆ ಮಾಡಿದಳು. ಎರಡು ದಿನ ಬೇರೆ ಕೆಲಸವನ್ನೇ ಮಾಡಲಿಲ್ಲ. ಉತ್ತರಗಳ ಪಟ್ಟಿಯಲ್ಲಿ ಹೆಸರಿರಲಿಲ್ಲ, ಅಂಕೆಗಳು ಮಾತ್ರ ಇದ್ದವು. ಚಿಕ್ಕಮ್ಮನ ಸಾಲು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ, ಹುಡುಕಿದರೆ ಸಿಗಬಹುದಾಗಿದ್ದರೂ ಹುಡುಕಿರಲಿಲ್ಲ. ಆದರೂ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಚಿಕ್ಕಮ್ಮನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಇದೇ ಹಟ ಹಿಡಿಯುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುವುದಾದರೆ ಅವಳಿಗೆ ಗೊತ್ತಿರಲಿಲ್ಲ.

ಗುರುವಾರ ಚಿಕ್ಕಮ್ಮನ ತೋಳು ಹಿಡಿದು ಗೇಟಿನವರೆಗೆ ನಡೆಸಿಕೊಂಡು ಹೋಗುವಾಗ ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಔಷಧಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು.

“ನನಗೋಸ್ಕರ ಏನೂ ಮಾಡ್ಬೇಡ,” ಎಂದಳು. “ಮಾಡಿದ್ರೆ ಅವರು ಹೇಳಿದ್ದು ನಿಜ ಆಗುತ್ತೆ. ನಾನಿರೋದನ್ನ ಮುಚ್ಚಿಡಲೂ ಬೇಡ. ನಾನೇನು ಕದ್ದ ಮಾಲಾ?” ಮತ್ತೆ, “ಅದಿರ್ಲಿ, ಹನ್ನೆರಡು ತರಗತಿ ಅಂದ್ಯಲ್ಲ. ಎಷ್ಟನೇ ಮಹಡಿ?” ಎಂದು ಕೇಳಿದಳು.

“ನಾಲ್ಕನೇದು.”

“ಲಿಫ್ಟು?”

“ಮೂರರವರೆಗೆ.”

ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಕಟ್ಟೆ ಹಿಡಿದುಕೊಂಡು ನಕ್ಕಳು. ಚುಕ್ಕಿಯೂ ನಕ್ಕಳು. ನಗುತ್ತಲೇ ಅವಳಿಗೆ ಸಿಟ್ಟು ಬಂತು, ನೆತ್ತಿಯವರೆಗೆ.

ಶುಕ್ರವಾರದ ಸಭೆಗೆ ಆಸ್ಪತ್ರೆಯ ನಿರ್ದೇಶಕಿ, ನಾಲ್ವರು ಡಾಕ್ಟರುಗಳು, ಡಯಾಲಿಸಿಸ್ ಹಾಲಿನ ಹಿರಿಯ ಸಿಸ್ಟರ್ ಬಂದಿದ್ದರು. ನಿರ್ದೇಶಕಿ ಮಾತಿಗಿಂತ ಗಡಿಯಾರವನ್ನು ಹೆಚ್ಚು ನೋಡುವ ಹೆಂಗಸು. ಪ್ರೊಫೆಸರರು ಮೊದಲ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಿ ಇಪ್ಪತ್ತು ನಿಮಿಷ ಸೊಗಸಾಗಿ ಮಾತಾಡಿದರು. ನಿರ್ದೇಶಕಿ ತಲೆದೂಗಿದಳು.

“ವರದಿಯಲ್ಲಿ ಒಂದೇ ಸಹಿ ಇದೆಯಲ್ಲ?” ಎಂದಳು ಹಾಳೆ ತಿರುವುತ್ತ.

ಚುಕ್ಕಿ ಎದ್ದು ನಿಂತಳು.

“ಇನ್ನೊಂದು ಸಹಿ ನನ್ನದು ಮೇಡಂ. ನಾನು ಹಾಕಿಲ್ಲ. ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ಕಸಿ ಪಟ್ಟಿಲಿ ನನ್ನ ಚಿಕ್ಕಮ್ಮನ ಹೆಸರಿದೆ. ನನ್ನನ್ನ ಸಾಕಿದವಳು ಅವಳೇ. ಅದಕ್ಕೇ, ನಾನು ಹೇಳ್ತೀನಿ ಅಂತ ನನ್ನ ಮಾತು ನಂಬಬೇಡಿ.”

ಪ್ರೊಫೆಸರರು ತಲೆ ಎತ್ತಿ ನೋಡಿದರು. ಅವರು ಹಿಡಿಯಬೇಕೆಂದಿದ್ದ ಆಯುಧವನ್ನು ಅವಳೇ ತೆಗೆದು ಮೇಜಿನ ನಡುವೆ ಇಟ್ಟುಬಿಟ್ಟಿದ್ದಳು.

ಅವಳು ಎರಡು ಪ್ರಶ್ನೆಗಳನ್ನೂ ಗಟ್ಟಿಯಾಗಿ ಓದಿದಳು. ಒಂದಾಗಿಸಿದ ಮೇಲಿನ ಚಿತ್ರವನ್ನು ತೋರಿಸಿದಳು. ಸಾವಿರ ಸಲದ ಪರೀಕ್ಷೆಯನ್ನು ವಿವರಿಸಿದಳು. “ಹೆಸರಿಲ್ಲದ ಉತ್ತರಗಳು, ನಾನಿಟ್ಟ ಒಂದೊಂದು ಹೆಜ್ಜೆ, ಎಲ್ಲಾ ಬರೆದಿಟ್ಟಿದೀನಿ. ನನ್ನ ಮುಖನೂ ಸರ್ ಮುಖನೂ ನೋಡಿರದ ಯಾರಿಗಾದ್ರೂ ಕೊಡಿ. ಬೇರೆ ಉತ್ತರ ಬಂದ್ರೆ ನನ್ನನ್ನ ಕೆಲಸದಿಂದ ತೆಗೀರಿ.”

“ಹಾಗಾದ್ರೆ ನಡುವಿನ ಚುಕ್ಕೆ ಯಾವುದು? ಅದನ್ನ ಹೇಳಿ,” ಎಂದಳು ನಿರ್ದೇಶಕಿ.

“ಗೊತ್ತಿಲ್ಲ ಮೇಡಂ.”

“ಗೊತ್ತಿಲ್ಲ ಅನ್ನೋಕೆ ಎಂಟು ತಿಂಗಳು ಬೇಕಾಯ್ತಾ?”

“ಗೊತ್ತಿಲ್ಲ ಅಂತ ಖಚಿತವಾಗಿ ಹೇಳೋಕೆ ಬೇಕಾಯ್ತು. ಗೊತ್ತಿದೆ ಅನ್ನೋದಾದ್ರೆ ಒಂದೇ ದಿನ ಸಾಕಿತ್ತು.”

ಯಾರೋ ಒಬ್ಬ ಡಾಕ್ಟರು ಕೆಮ್ಮಿ ನಗು ನುಂಗಿದರು. ಹಿರಿಯ ಸಿಸ್ಟರ್ ನಗಲಿಲ್ಲ. ಆಕೆ ಮುಂದಕ್ಕೆ ಬಾಗಿ ಕೇಳಿದಳು: “ಕಡಿತ, ನಿದ್ರೆ ಅಂದ್ರಲ್ಲ. ಆ ಗೆರೆ ಅಲುಗಾಡಲ್ವಾ?”

“ಅದು ಅಲುಗಾಡಲ್ಲ ಸಿಸ್ಟರ್. ಯಾವುದರಿಂದ ಯಾವುದು ಅಂತ ಮಾತ್ರ ನಾನು ಹೇಳಲಾರೆ.”

“ನೀವು ಹೇಳ್ಬೇಡಿ. ಕಡಿತಕ್ಕೆ ಔಷಧಿ ಇದೆ. ಕೇಳಿದವರಿಗೆ ಮಾತ್ರ ಕೊಡ್ತಿದೀವಿ, ಇವರು ಯಾರೂ ಬಾಯಿ ಬಿಟ್ಟು ಕೇಳಲ್ಲ. ನಾಳೆಯಿಂದ ನಾವೇ ಕೇಳ್ತೀವಿ. ಅದಕ್ಕೆ ಯಾರ ಸಹಿನೂ ಬೇಡ.”

ಪ್ರೊಫೆಸರರು ಒಂದೇ ಮಾತು ಹೇಳಿದರು. “ನನ್ನ ವಿಭಾಗದಲ್ಲಿ ಶಿಸ್ತು ಇಲ್ಲದವರು ನನಗೆ ಬೇಡ.”

ಸಭೆಯ ಫಲ ಹೀಗಾಯಿತು: ನಿಯಮಕ್ಕೆ ತಡೆ ಬಿತ್ತು, ಲೆಕ್ಕವನ್ನು ಹೊರಗಿನವರ ಪರಿಶೀಲನೆಗೆ ಕಳಿಸಿದರು, ಚುಕ್ಕಿಯನ್ನು ನೆಲಮಹಡಿಯ ದಾಖಲೆ ವಿಭಾಗಕ್ಕೆ ಎತ್ತಿ ಹಾಕಿದರು. ಅಲ್ಲಿ ಕಿಟಕಿ ಇರಲಿಲ್ಲ. ಹಳೆಯ ಕಡತಗಳಿಗೆ ಹೊಸ ಅಂಕೆ ಅಂಟಿಸುವ ಕೆಲಸ. ಮೊದಲ ವಾರ ಅವಳಿಗೆ ಅಳು ಬಂತು, ಎರಡನೇ ವಾರ ಸೀನು ಬಂತು, ಮೂರನೇ ವಾರಕ್ಕೆ ಒಂದು ಮೂಗುಬಟ್ಟೆ ಹೊಲಿಸಿಕೊಂಡಳು. ಮೂರನೇ ಮಹಡಿಯವರು ಎದುರಿಗೆ ಸಿಕ್ಕರೆ ಗೋಡೆ ನೋಡುತ್ತ ಹೋಗುತ್ತಿದ್ದರು. ಅವಳು ಮಾತ್ರ ಒಬ್ಬೊಬ್ಬರಿಗೂ ಹೆಸರು ಹಿಡಿದು ನಮಸ್ಕಾರ ಹೇಳುತ್ತಿದ್ದಳು, ಗೋಡೆಗೂ ಕೇಳಿಸುವ ಹಾಗೆ.

ಏಳನೇ ವಾರ ಪರಿಶೀಲನೆಯ ಉತ್ತರ ಬಂತು. ಎರಡೇ ಪುಟ. ಸಹಿ ಮಾಡಿದವರು ಯಾರೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಳು ಮತ್ತು ಹನ್ನೊಂದು ಒಂದೇ ಪ್ರಶ್ನೆ, ನಡುವಿನ ಚುಕ್ಕೆ ಎಂದು ಯಾವುದನ್ನೂ ಹೇಳುವಂತಿಲ್ಲ, ಈ ಆಧಾರದ ಮೇಲೆ ರೋಗಿಗಳನ್ನು ಬೇರ್ಪಡಿಸುವುದು ಸಲ್ಲದು ಎಂದಿತ್ತು. ನಿಯಮವನ್ನು ಸದ್ದಿಲ್ಲದೆ ಕೈಬಿಟ್ಟರು. ಯಾರೂ ಚುಕ್ಕಿಯ ಹತ್ತಿರ ಬಂದು ನೀನು ಹೇಳಿದ್ದು ಸರಿ ಎನ್ನಲಿಲ್ಲ. ಅವಳು ಅದಕ್ಕಾಗಿ ಕಾಯುತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಆಮೇಲಿನ ಗದ್ದಲವೆಲ್ಲ ಎದ್ದದ್ದು ಡಯಾಲಿಸಿಸ್ ಹಾಲಿನಲ್ಲಿ. ಪ್ರೊಫೆಸರರು ಹೊಸ ಪ್ರಶ್ನೆ ಪತ್ರಿಕೆ ಮಾಡಿ ಕಳಿಸಿದ್ದರು. ಡ್ರೈವರಣ್ಣ ಅದನ್ನು ನಾಲ್ಕು ಮಡಿಕೆ ಮಾಡಿ ಸಿಸ್ಟರ್ ಕೈಗೆ ವಾಪಸ್ ಕೊಟ್ಟ. “ಹೋದ ಸಲ ನಾವು ಬರೆದಿದ್ರಿಂದ ಏನು ಮಾಡೋಕೆ ಹೊರಟಿದ್ರು ಅಂತ ಗೊತ್ತಾಯ್ತು. ಇನ್ನು ಪ್ರಶ್ನೆ ನಾವು ನೋಡಿ ಒಪ್ಪಿದ್ರೇನೇ ಉತ್ತರ.” ಕಿಟಕಿ ಪಕ್ಕದ ಕುರ್ಚಿಯಿಂದ ಚಿಕ್ಕಮ್ಮ ತನ್ನದನ್ನೂ ಚಾಚಿದಳು. ಹನ್ನೆರಡಕ್ಕೆ ಹನ್ನೆರಡೂ ಖಾಲಿ ಹಿಂತಿರುಗಿದವು. ಮಧ್ಯಾಹ್ನದ ಪಾಳಿಯವರದೂ ಅದೇ ಮಾತು. ಮರುದಿನದವರದೂ ಅದೇ.

ಪ್ರೊಫೆಸರರು ಸ್ವತಃ ಕೆಳಗಿಳಿದು ಬಂದರು. ಅದು ಚುಕ್ಕಿಯ ಊಟದ ಹೊತ್ತು, ಅವಳು ಚಿಕ್ಕಮ್ಮನ ಪಕ್ಕ ಕೂತಿದ್ದಳು. ಅವಳನ್ನು ನೋಡಿ ಅವರು ಒಂದು ಕ್ಷಣ ಬಾಗಿಲಲ್ಲೇ ತಡೆದರು. ಆಮೇಲೆ ಒಳಗೆ ಬಂದು ನಿಂತೇ ಶುರು ಮಾಡಿದರು. ಸಂಶೋಧನೆಯಿಂದ ನಿಮಗೇ ಉಪಯೋಗ, ಎಂದು.

“ಕೂತ್ಕೊಳ್ಳಿ ಸರ್,” ಎಂದಳು ಚಿಕ್ಕಮ್ಮ. “ನಾವಂತೂ ಎದ್ದು ಹೋಗೋರಲ್ಲ. ನಿಂತು ಮಾತಾಡಿದ್ರೆ ಬೈದ ಹಾಗಿರುತ್ತೆ.”

ಸಿಸ್ಟರ್ ಒಂದು ಸ್ಟೂಲು ತಂದಿಟ್ಟಳು. ಪ್ರೊಫೆಸರರು ಕೂತರು.

“ನಿಮ್ಮ ಎದೆ ಆಪರೇಷನ್ ವಿಷಯ ಕೇಳಿದೀನಿ,” ಎಂದಳು ಚಿಕ್ಕಮ್ಮ. “ಎದ್ದು ಬಂದಿರಿ, ದೊಡ್ಡ ಮಾತು. ಆ ಹದಿನೇಳು ದಿನದಲ್ಲಿ ಯಾರಾದ್ರೂ ಬಂದು, ನಿಮಗೆ ಮನಸ್ಸೇ ಇಲ್ಲ ಅಂದಿದ್ರೆ ಏನು ಮಾಡ್ತಿದ್ರಿ?”

ಪ್ರೊಫೆಸರರು ಯಂತ್ರದ ಕೊಳವೆಯಲ್ಲಿ ಹರಿಯುವ ರಕ್ತವನ್ನೇ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಹಿಂತಿರುಗಿಸಿದ ಒಂದು ಹಾಳೆಯ ಬೆನ್ನಿನ ಮೇಲೆ ‘೧’ ಎಂದು ಬರೆದರು.

“ಹೇಳಿ. ಏನು ಕೇಳ್ಬೇಕಿತ್ತು ನಾವು?”

ಒಬ್ಬರಾದ ಮೇಲೆ ಒಬ್ಬರು ಹೇಳತೊಡಗಿದರು. ಬಾಯಾರಿಕೆ ಎಷ್ಟು ಅಂತ ಕೇಳ್ತೀರಿ, ಬೇರೆಯವರು ನೀರು ಕುಡಿಯೋದನ್ನ ನೋಡೋಕೆ ಎಷ್ಟು ಕಷ್ಟ ಅಂತ ಕೇಳಲ್ಲ. ಇಲ್ಲಿಗೆ ಬರೋಕೆ ಎಷ್ಟು ಹೊತ್ತು ಬೇಕು ಅಂತ ಕೇಳಲ್ಲ. ಡ್ರೈವರಣ್ಣ ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದ: “ನಾನು ಕೋಣೆಗೆ ಬಂದ್ರೆ ಮನೆಯವರೆಲ್ಲ ಮಾತು ನಿಲ್ಲಿಸಿಬಿಡ್ತಾರೆ. ಅದನ್ನ ಹಾಕಿ. ಅದು ಎಷ್ಟು ಸಲ ಆಗುತ್ತೆ ಅಂತ ಕೇಳಿ.” ಪ್ರೊಫೆಸರರು ಅದನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡರು.

ಊಟದ ಹೊತ್ತು ಮುಗಿದಿತ್ತು. ಚುಕ್ಕಿ ಎದ್ದು ಬಾಗಿಲ ತನಕ ಬಂದಾಗ ಪ್ರೊಫೆಸರರು ಹಿಂದಿನಿಂದ ಬಂದರು.

“ಇಷ್ಟು ಚುಕ್ಕೆ ಇಟ್ಟು ಗೆರೆ ಎಳೆಯೋಕೆ ನನ್ನೊಬ್ಬನಿಂದ ಆಗಲ್ಲ,” ಎಂದರು, ಅವಳ ಕಡೆ ನೋಡದೆ. “ಸೋಮವಾರ ಮೇಲೆ ಬಾ.”

“ಬರ್ತೀನಿ ಸರ್. ಈ ಹಾಲಿನವರು ಒಪ್ಪದ ಪ್ರಶ್ನೆ ಒಂದೂ ಒಳಗೆ ಹೋಗಲ್ಲ. ಸಹಿ ಹಾಕೋದು ಬಿಡೋದು ನನ್ನಿಷ್ಟ.”

“ಅದು ಯಾವತ್ತೂ ನಿನ್ನಿಷ್ಟವೇ ಆಗಿತ್ತು.”

“ಆಗಿರ್ಲಿಲ್ಲ ಸರ್,” ಎಂದಳು ಅವಳು. “ಇನ್ಮೇಲೆ ಆಗಿರುತ್ತೆ.”

ಒಳಗಿನಿಂದ ಡ್ರೈವರಣ್ಣ, ಸಾರ್, ಇನ್ನೊಂದು ಬಿಟ್ಟುಹೋಯ್ತು, ಎಂದು ಕರೆದ. ಪ್ರೊಫೆಸರರು ಹಾಳೆ ಹಿಡಿದು ಮತ್ತೆ ಸ್ಟೂಲಿನ ಕಡೆ ನಡೆದರು.